ಬೆಂಚಿನ ಮೇಲೆ ಕೂತಿದ್ದ ಅಕ್ಕನಿಗೆ ಥ್ಯಾಂಕ್ಸ್

ನಿಮ್ಮ ಹೆಸರು ಕೇಳಲೇ ಇಲ್ಲ. ಓಪಿಡಿ ಹೊರಗಿನ ಬೆಂಚು, ನಿಮ್ಮ ಮಡಿಲಲ್ಲಿದ್ದ ಸ್ಟೀಲ್ ಡಬ್ಬಿ, ಅಷ್ಟೇ ನೆನಪು.

ಮಗಳ ಎಡತೋಳಲ್ಲಿ ಹುಟ್ಟಿದಾಗಿನಿಂದ ದಾರ ಬಿಗಿದು ಕಟ್ಟಿದಂಥ ಗೆರೆ ಇತ್ತು, ಮೊಣಕೈಗಿಂತ ಸ್ವಲ್ಪ ಮೇಲೆ, ಸುತ್ತಲೂ. ಗ್ರಹಣದಲ್ಲಿ ನಾನು ಹೊರಗೆ ಹೋಗಿದ್ದಕ್ಕೇ ಹೀಗಾಯ್ತು ಅಂತ ಮನೆಯಲ್ಲಿ ಮಾತು. ಮೊದಲು ತೋರಿಸಿದ ಕಡೆ, ದೊಡ್ಡವಳಾಗಲಿ ನೋಡೋಣ ಅಂದಿದ್ದರು. ನೀವು ಮಾತ್ರ ಆ ಗೆರೆಯ ಕಡೆ ನೋಡದೆ, ಅವಳ ಅಂಗೈಯಲ್ಲಿ ನಿಮ್ಮ ಬೆರಳಿಟ್ಟಿರಿ, ಅವಳು ಮೆಲ್ಲಗೆ ಹಿಡಿದಳು, ಆದರೆ ಮಣಿಕಟ್ಟು ಬಾಡಿದ ಬಳ್ಳಿ ಹಾಗೆ ಕೆಳಗೇ ಜೋತಿತ್ತು. "ಇದು ನರದ್ದು, ಸುಮ್ನೆ ಕಾಯಬೇಡಿ" ಅಂದಿರಿ. ನಿಮ್ಮ ಮಗನಿಗೆ ಕಾಲಲ್ಲಿ ಹೀಗೇ ಆಗಿ ಪಾದ ಎತ್ತಲು ಬರುತ್ತಿರಲಿಲ್ಲವಂತೆ.

ಗರ್ಭಚೀಲದ ಒಳಪೊರೆಯ ಎಳೆ ಸುತ್ತಿಕೊಂಡರೆ ಹೀಗಾಗಬಹುದು, ತಾಯಿಯ ತಪ್ಪೇನಿಲ್ಲ ಅಂತ ಆಮೇಲೆ ಸರ್ಜನ್ ಹೇಳಿದರು. (ಅತ್ತೆಗೂ ಕೇಳಿಸುವಂತೆ ಹೇಳಿದ್ದು ಒಳ್ಳೆಯದಾಯ್ತು.) ತೋಳಿನ ಮೂಳೆಯನ್ನು ಸುತ್ತಿ ಇಳಿದು ಮಣಿಕಟ್ಟು ಎತ್ತಿಸುವ ರೇಡಿಯಲ್ ನರ ಆ ಉಂಗುರದಡಿ ಸಿಕ್ಕಿತ್ತು. ಉಂಗುರ ತೆಗೆದು, ಚರ್ಮವನ್ನು ಝಡ್ ಆಕಾರದಲ್ಲಿ ಹೊಲಿದರು, ನೇರ ಹೊಲಿದರೆ ಕಲೆ ಮತ್ತೆ ಬಿಗಿಯಬಹುದಂತೆ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್! ಮಣಿಕಟ್ಟಿಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟ್ ಎಷ್ಟು ಸಲ ಕಟ್ಟಿ ಬಿಚ್ಚಿದೆನೋ.

ಮಣಿಕಟ್ಟು ಪೂರ್ತಿ ಏಳುವುದಿಲ್ಲ ಇನ್ನೂ. ಹೆಬ್ಬೆರಳೂ ಸ್ವಲ್ಪ ಸೋಮಾರಿ. ಆದರೆ ನಿನ್ನೆ ತಟ್ಟೆಯ ಚಪಾತಿಯನ್ನು ಎಡಗೈಯಲ್ಲೇ ಎತ್ತಿ ನಾಯಿಗೆ ಎಸೆದಳು. ಬೈಯಲು ಹೋದವಳು ಅಳುತ್ತಾ ಕೂತೆ.

ಥ್ಯಾಂಕ್ಸ್ ಅಕ್ಕ. ನಿಮ್ಮ ಮಗ ಈಗ ಓಡ್ತಾನಾ?