ಅಮ್ಮಾ, ಆ ಟ್ಯೂಬು ಬೇಡ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ಅಪ್ಪನಿಗೂ ಅಜ್ಜಿಗೂ ಹೇಳು. ನಾನು ಚೆನ್ನಾಗಿದ್ದೇನೆ, ಊಟ, ನಿದ್ದೆ, ಡ್ಯೂಟಿ ಎಲ್ಲ ಸರಿಯಾಗಿ ನಡೀತಾ ಉಂಟು.

ನೀನು ಕಳಿಸಿದ ಅಪ್ಪನ ಸೊಂಟದ ಫೋಟೋ ನಾಲ್ಕು ಸಲ ನೋಡಿದೆ. ಹುಳುಕಡ್ಡಿಯ ಹಾಗೇ ಕಾಣುತ್ತದೆ. ಫೋನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಫೋನ್ ತಗೊಂಡು "ನಂಗೆ ಎಂತದ್ದೂ ಇಲ್ಲ, ಮಳೆಗಾಲದ ತುರಿಕೆ, ನೀನು ಅಲ್ಲಿ ತಲೆಬಿಸಿ ಮಾಡ್ಬೇಡ" ಅಂತ ಹೇಳಿ ಇಟ್ಟೇ ಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನೀನೊಬ್ಬಳೇ ಓದು. ಆಮೇಲೆ ರಾತ್ರಿ ಊಟ ಆದ ಮೇಲೆ ಅಪ್ಪನ ಎದುರು ಕೂತು ಜೋರಾಗಿ ಓದು.

ಆಚೆಮನೆ ಶೀನಣ್ಣ ಕೊಟ್ಟ ಆ ಟ್ಯೂಬು ಇವತ್ತೇ ನಿಲ್ಲಿಸಿ. ನಾಳೆಯಿಂದ ಅಲ್ಲ, ಇವತ್ತೇ. ಶೀನಣ್ಣನ ಮೇಲೆ ನಂಗೆ ಬೇಸರ ಇಲ್ಲ, ಅವರು ಒಳ್ಳೆಯದಕ್ಕೇ ಕೊಟ್ಟದ್ದು. ಆದರೆ ನೀನೇ ಯೋಚನೆ ಮಾಡು. ಜೂನ್‌ನಲ್ಲಿ ಹಚ್ಚಿದರು, ಎರಡು ದಿನದಲ್ಲಿ ತುರಿಕೆ ಹೋಯಿತು, ಬಿಟ್ಟರು. ವಾರದಲ್ಲಿ ಪುನಃ ಬಂತು, ಮೊದಲಿಗಿಂತ ದೊಡ್ಡದಾಗಿ. ಪುನಃ ಹಚ್ಚಿದರು. ಈಗ ಸೊಂಟದ ಸುತ್ತ ಬಂದು ತೊಡೆಗೂ ಇಳಿದಿದೆ, ಕಾಲಿನ ಬೆರಳ ಸಂದಿಯೂ ಬೆಳ್ಳಗಾಗಿ ಒಡೆದಿದೆ ಅಂತ ನೀನೇ ಬರೆದಿದ್ದೀಯ. ಅಂಥ ಟ್ಯೂಬುಗಳಲ್ಲಿ ಮೂರು ನಾಲ್ಕು ಮದ್ದು ಒಟ್ಟಿಗೆ ಕಲಸಿರುತ್ತಾರೆ, ಅದರಲ್ಲಿ ಒಂದು ಸ್ಟೀರಾಯ್ಡ್. ಅಣ್ಣನ ಹತ್ತಿರ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿಸು. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಅದೇ. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಬೇಗ ಇಳಿಸುತ್ತದೆ, ವಾಸಿಯಾಯಿತು ಅಂತ ನಮಗೆ ಅನ್ನಿಸುತ್ತದೆ. ಆದರೆ ಅದು ಇಳಿಸಿದ್ದು ನಮ್ಮ ಚರ್ಮದ ಹೋರಾಟವನ್ನು, ರೋಗವನ್ನಲ್ಲ. ರೋಗ ಸದ್ದಿಲ್ಲದೆ ಹರಡುತ್ತಾ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಸಂದಿಯಲ್ಲಿ ಗೀರುಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ. 2018ರಲ್ಲೇ ನಮ್ಮ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಕಾನೂನು ಮಾಡಿದೆ. ಆದರೂ ಸಿಗುತ್ತದೆ, ಅಲ್ವಾ?

ಒಂದು ಮಾತು ನೆನಪಿಟ್ಟುಕೋ. ಟ್ಯೂಬು ನಿಲ್ಲಿಸಿದ ಮೇಲೆ ಕೆಲವು ದಿನ ತುರಿಕೆ ಮೊದಲಿಗಿಂತ ಜಾಸ್ತಿ ಆಗಬಹುದು, ಕೆಂಪಾಗಬಹುದು. ಆಗ ಅಪ್ಪ "ನೋಡು, ಅದೇ ಒಳ್ಳೆಯದಿತ್ತು" ಅಂತಾರೆ. ಕೊಡಬೇಡ. ಅದಕ್ಕೇ ಹೇಳುವುದು, ನಿಲ್ಲಿಸಿದ ಕೂಡಲೇ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು ಅಂತ. ಮಣಿಪಾಲಕ್ಕೆ ಹೋಗಿ, ಇಲ್ಲವಾದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಾದರೂ ಸರಿ. ಮಳೆ ನಿಲ್ಲಲಿ ಅಂತ ಕಾಯಬೇಡಿ. ಮಳೆ ನಿಲ್ಲುವುದು ಚೌತಿ ಕಳೆದ ಮೇಲೆ.

ನೀನು ನಂಜು ಅಂತ ಬರೆದಿದ್ದೀಯ. ಅಪ್ಪನಿಗೆ ಮೀನು, ಬದನೆ ಎಲ್ಲ ನಿಲ್ಲಿಸಿ ಬರೀ ಗಂಜಿ, ಚಟ್ನಿ ಕೊಡುತ್ತಿದ್ದೀಯಂತೆ. ಪಾಪ ಅಮ್ಮ, ಅದು ಬೇಡ. ಹೇಗೂ ಜುಲೈ 31ರ ತನಕ ದೊಡ್ಡ ಬೋಟುಗಳು ಇಳಿಯುವುದಿಲ್ಲ, ಸಿಗುವ ಸ್ವಲ್ಪ ಮೀನನ್ನೂ ಯಾಕೆ ನಿಲ್ಲಿಸುತ್ತೀ? ಬರೀ ಗಂಜಿ ತಿಂದರೆ ಸಕ್ಕರೆ ಏರುತ್ತದೆ. ಇದು ತಿಂದದ್ದರಿಂದ ಬಂದದ್ದಲ್ಲ. ಹುಳುಕಡ್ಡಿ ಅಂತ ಹೆಸರಿದ್ದರೂ ಅದರಲ್ಲಿ ಹುಳವೂ ಇಲ್ಲ. ಉಪ್ಪಿನಕಾಯಿ ಭರಣಿಯ ಬಾಯಿಗೆ, ಅಪ್ಪನ ಬೆಲ್ಟಿಗೆ ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯುತ್ತದಲ್ಲ, ಆ ಜಾತಿಯದ್ದೇ ಒಂದು ಫಂಗಸ್, ಮನುಷ್ಯರ ಚರ್ಮದ ಮೇಲೆ ಬೆಳೆಯುತ್ತದೆ. ಅದಕ್ಕೆ ಬೇಕಾದದ್ದು ಬಿಸಿ ಮತ್ತು ಪಸೆ. ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ನಮ್ಮ ಉಡುಪಿಯಲ್ಲಿ ಅದಕ್ಕೆ ಎರಡೂ ಸಿಗುತ್ತದೆ. ಮುಂಡು ಬಿಗಿಯುವ ಕಡೆ, ನಿನ್ನ ಲಂಗದ ಲಾಡಿ ಕಟ್ಟುವ ಕಡೆ, ತೊಡೆಸಂದಿ, ಕಂಕುಳು, ಬೆರಳ ಸಂದಿ, ಎಲ್ಲೆಲ್ಲ ಬೆವರೂ ನೀರೂ ನಿಲ್ಲುತ್ತದೋ ಅಲ್ಲೇ ಶುರು.

ಅಪ್ಪನ ಉಡಿದಾರ ಎಷ್ಟು ವರ್ಷದ್ದು? ನಂಗೆ ಗೊತ್ತಿದ್ದ ಹಾಗೆ ಮೂರು ವರ್ಷದಿಂದ ಅದೇ ಕಪ್ಪು ನೂಲು. ಸ್ನಾನ ಮಾಡಿದ ಮೇಲೆ ಇಡೀ ದಿನ ಅದು ಚಂಡಿ ಇರುತ್ತದೆ. ಅದನ್ನು ಬಿಚ್ಚಿಸು. ವಾಸಿಯಾದ ಮೇಲೆ ಬೇಕಾದರೆ ಹೊಸದು ಕಟ್ಟಿಕೊಳ್ಳಲಿ.

ಇನ್ನು ಬಟ್ಟೆ. ಒಗೆದದ್ದು ಮೂರು ದಿನ ಆದರೂ ಚಾವಡಿಯ ಹಗ್ಗದಲ್ಲಿ ತಣ್ಣಗೆ ನೇತಾಡುತ್ತಿರುತ್ತದೆ, ಬೆಳಿಗ್ಗೆ ಅವಸರಕ್ಕೆ ಅರ್ಧ ಒಣಗಿದ್ದನ್ನೇ ಹಾಕಿಕೊಳ್ಳುವುದು, ಮೈ ಬಿಸಿಗೆ ಒಣಗಲಿ ಅಂತ. ನಾನೂ ಹಾಗೆಯೇ ಕಾಲೇಜಿಗೆ ಹೋದವಳು. ಈ ವರ್ಷ ಅದು ಬೇಡ. ಮನೆಯಲ್ಲಿ ಒಂದೇ ಬೈರಾಸು ಮೂರು ಜನ ಒರಸಿಕೊಳ್ಳುವುದೂ ಬೇಡ. ಅಪ್ಪನದ್ದು, ನಿನ್ನದು, ಪುಟ್ಟನದ್ದು ಬೇರೆ ಬೇರೆ ಇರಲಿ. ಅಪ್ಪನ ಬಟ್ಟೆ, ಬೈರಾಸು, ಹಾಸಿಗೆ ಬಟ್ಟೆ ಹಂಡೆಯ ಬಿಸಿನೀರಿನಲ್ಲಿ ಬೇರೆಯೇ ನೆನೆಸಿ ಒಗೆಯಿರಿ. ಬಚ್ಚಲು ಒಲೆಯ ಮೇಲೆ ಬಿದಿರು ಕಟ್ಟಿ ಒಣಗಿಸುತ್ತಿದ್ದೆಯಲ್ಲ, ಅದೇ ಒಳ್ಳೆಯದು, ಹೊಗೆ ವಾಸನೆ ಬಂದರೆ ಬರಲಿ. ಆಮೇಲೆ ಒಳಬದಿ ಮೇಲೆ ಮಾಡಿ, ಸೊಂಟದ ಹೊಲಿಗೆಯ ಮೇಲೆ ಚೆನ್ನಾಗಿ ಇಸ್ತ್ರಿ ಹಾಕು. ಒಳಚಡ್ಡಿಗೂ ಹಾಕು.

ಹೊಗೆ ಅಂದಾಗ ನೆನಪಾಯಿತು, ಇಲ್ಲಿಯದ್ದು ಹೇಳುತ್ತೇನೆ. ಒಮಾನಿನ ಈ ಸಲಾಲದಲ್ಲಿ ಈಗ ಖರೀಫ್, ಅಂದರೆ ಇವರ ಮಳೆಗಾಲ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ. ಮಳೆ ಅಂದರೆ ನಮ್ಮ ಹಾಗಲ್ಲ, ಮಂಜು ಮತ್ತು ಜಿನುಗು, ಅಷ್ಟೇ. ಅದನ್ನು ನೋಡಲಿಕ್ಕೆ ಮಸ್ಕತ್‌ನಿಂದ ಸುಮಾರು 1000 ಕಿಲೋಮೀಟರ್ ಮರುಭೂಮಿಯಲ್ಲಿ ಕಾರು ಓಡಿಸಿಕೊಂಡು ಬರುತ್ತಾರೆ ಅಮ್ಮ! ದುಬೈಯಿಂದಲೂ ಬರುತ್ತಾರೆ. ಗುಡ್ಡದ ಮೇಲೆ ಚಾಪೆ ಹಾಸಿ, ಜಿನುಗು ಮಳೆಯಲ್ಲೇ ಚಹಾ ಕುಡಿಯುತ್ತಾ ಕೂರುತ್ತಾರೆ. ವಾದಿ ದರ್ಬತ್ ಅಂತ ಒಂದು ಜಾಗ, ಅಲ್ಲಿ ಹಸಿರು ನೋಡಿದರೆ ಆಗುಂಬೆ ಬುಡದಲ್ಲಿ ನಿಂತ ಹಾಗೆ ಆಗುತ್ತದೆ. ರಸ್ತೆ ಬದಿ ಎಳನೀರಿನ ಬೊಂಡ, ಬಾಳೆಹಣ್ಣು, ಪಪ್ಪಾಯಿ ಮಾರುತ್ತಾರೆ. ಮೊದಲ ಸಲ ತೆಂಗಿನ ತೋಟ ಕಂಡ ದಿನ ನಾನು ಅತ್ತಿದ್ದೆ, ನಿಂಗೆ ಹೇಳಿರಲಿಲ್ಲ.

ಇಲ್ಲಿಯ ಹೆಂಗಸರು ಒಗೆದ ಬಟ್ಟೆಯನ್ನು ಒಂದು ಮರದ ಚೌಕಟ್ಟಿನ ಮೇಲೆ ಹರಡಿ, ಅಡಿಯಲ್ಲಿ ಕೆಂಡದ ಮೇಲೆ ಲುಬಾನ್ ಅಂತ ಒಂದು ಮರದ ಧೂಪದ ಅಂಟು ಹಾಕಿ ಹೊಗೆ ಹಿಡಿಸುತ್ತಾರೆ. ಲುಬಾನಿನ ಮರಗಳು ಈ ಸುತ್ತಿನ ಗುಡ್ಡಗಳಲ್ಲೇ ಬೆಳೆಯುತ್ತವೆ. ಇಡೀ ಪೇಟೆ ಘಮ್ಮಂತ ಇರುತ್ತದೆ. ನಮ್ಮ ಬಚ್ಚಲಿನ ಬಿದಿರೇ ನೆನಪಾಗುವುದು ನಂಗೆ.

ಆದರೆ ಹುಳುಕಡ್ಡಿ ಇಲ್ಲಿಯೂ ಉಂಟು. ಊರಿಗೆ ರಜೆಯಲ್ಲಿ ಹೋಗಿ ಬಂದವರು, ಒಂದು ರೂಮಿನಲ್ಲಿ ಎಂಟು ಜನ ಮಲಗುವವರು ನಮ್ಮ ಕ್ಲಿನಿಕ್ಕಿಗೆ ಬರುತ್ತಾರೆ. ಅವರಲ್ಲೂ ತುಂಬಾ ಜನ ಊರಿನ ಟ್ಯೂಬು ಹಚ್ಚಿ ಹಚ್ಚಿಯೇ ಬಂದಿರುತ್ತಾರೆ. ನಮ್ಮ ಡಾಕ್ಟರು ಹೇಳಿದ ಒಂದು ವಿಷಯ ಕೇಳಿ ನಂಗೆ ಬೇಜಾರಾಯಿತು. ಮಾಮೂಲಿ ಮದ್ದಿಗೆ ಬಗ್ಗದ ಒಂದು ಹೊಸ ಜಾತಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟಿದ್ದಾರಂತೆ. ನಮ್ಮ ದೇಶದ ಹೆಸರೇ ಅದಕ್ಕೆ ಅಂಟಿಕೊಂಡಿದೆ. 2023ರಲ್ಲಿ ನ್ಯೂಯಾರ್ಕ್‌ನಲ್ಲೂ ಸಿಕ್ಕಿತು. ಹೀಗೆ ಅರ್ಧಂಬರ್ಧ ಟ್ಯೂಬು ಹಚ್ಚುವುದೂ ಅದಕ್ಕೆ ಒಂದು ಕಾರಣ ಅಂತಾರೆ. ಅಪ್ಪನಿಗೆ ಅದೇ ಬಂದಿದೆ ಅಂತ ಅಲ್ಲ, ಗಾಬರಿ ಬೇಡ. ಆದರೆ ಡಾಕ್ಟರು ಎಷ್ಟು ವಾರ ಅಂತ ಹೇಳುತ್ತಾರೋ ಅಷ್ಟು ವಾರ ಹಚ್ಚಬೇಕು. ಕಣ್ಣಿಗೆ ಕಾಣುವ ಅಂಚಿನಿಂದ ಎರಡು ಬೆರಳು ಆಚೆಯ ತನಕ ಹಚ್ಚಬೇಕು. ಕಲೆ ಮಾಯವಾದ ಮೇಲೂ ಸುಮಾರು ಎರಡು ವಾರ ಹಚ್ಚಬೇಕು. ಮಾತ್ರೆಯೂ ಕೊಡಬಹುದು. ಅದಕ್ಕೆ ಅಪ್ಪ ತಗೊಳ್ಳುವ ಸಕ್ಕರೆ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಎಲ್ಲ ಒಂದು ಚೀಲದಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ಕೆಲವು ಮಾತ್ರೆ ಒಟ್ಟಿಗೆ ಆಗುವುದಿಲ್ಲ.

ನಂಗೆ ನಿಜವಾಗಿ ಹೆದರಿಕೆ ಇರುವುದು ಆ ಬೆರಳ ಸಂದಿಯದ್ದು. ಸಕ್ಕರೆ ಇರುವವರಿಗೆ ಈ ರೋಗ ಬೇಗ ಹಿಡಿಯುತ್ತದೆ, ನಿಧಾನ ಬಿಡುತ್ತದೆ. ಕಾಲಿಗೆ ನೋವು ಸರಿಯಾಗಿ ಗೊತ್ತಾಗುವುದೂ ಇಲ್ಲ. ಆ ಬಿರುಕಿನಲ್ಲಿ ಕೆಸರು ಹೊಕ್ಕು ಒಳಗೆ ಕೀವಾದರೆ ಕಾಲಿಡೀ ಬಾತು ಜ್ವರ ಬರುತ್ತದೆ. ಅಂಥ ಕಾಲುಗಳನ್ನು ನಾನು ಇಲ್ಲಿ ಡ್ರೆಸ್ಸಿಂಗ್ ಮಾಡುತ್ತೇನೆ ಅಮ್ಮ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾಟಿ ಮುಗಿಯುವ ತನಕ ಅಪ್ಪ ಗದ್ದೆಗೆ ಇಳಿಯುವುದು ಬೇಡ. ಆಳು ಮಾಡಿ, ಸಂಬಳ ನಾನು ಕಳಿಸುತ್ತೇನೆ. ದಿನಾ ರಾತ್ರಿ ಕಾಲು ತೊಳೆದು, ಪ್ರತಿ ಬೆರಳ ಸಂದಿ ಬಟ್ಟೆಯಲ್ಲಿ ಒತ್ತಿ ಒರಸಿ, ದೀಪದ ಬೆಳಕಿನಲ್ಲಿ ನೀನೇ ನೋಡು. ಕಾಲು ಕೆಂಪಾಗಿ ಬಿಸಿಯಾದರೆ, ಬಾತರೆ, ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕಾಯದೆ ಆಟೋ ಕರೆಸಿ ಹೊರಡಿ. ಸಕ್ಕರೆ ಪರೀಕ್ಷೆ ಯಾವಾಗ ಮಾಡಿಸಿದ್ದು? ನೀನು ಆ ವಿಷಯ ಬರೆಯಲೇ ಇಲ್ಲ.

ಸ್ನಾನದ ನೀರು ಅಪ್ಪನಿಗೆ ಸುಡುಸುಡು ಬೇಕು, ತುರಿಸುವ ಕಡೆ ಹೊಯ್ದುಕೊಂಡರೆ ಸುಖ ಅಂತಾರೆ. ಆ ಸುಖ ಐದು ನಿಮಿಷ, ಆಮೇಲೆ ಚರ್ಮ ಒಣಗಿ ಇಮ್ಮಡಿ ತುರಿಕೆ. ಉಗುರುಬೆಚ್ಚಗೆ ಸಾಕು. ಖಾರ ಸೋಪು ಹಾಕಿ ತಿಕ್ಕುವುದೂ ಬೇಡ, ಲಿಂಬೆ, ಬೆಳ್ಳುಳ್ಳಿ ಉಜ್ಜುವುದಂತೂ ಬೇಡವೇ ಬೇಡ, ಸುಟ್ಟು ಗಾಯ ಆಗುತ್ತದೆ. ಅಜ್ಜಿಯ ಕೈಕಾಲು ತುರಿಕೆ ಮಾತ್ರ ಬೇರೆ, ಅದು ವಯಸ್ಸಿಗೆ ಚರ್ಮ ಒಣಗಿ ಬರುವುದು, ಕಲೆ ಗುಳ್ಳೆ ಏನೂ ಇಲ್ಲದಿದ್ದರೆ ತೆಂಗಿನೆಣ್ಣೆ ಹಚ್ಚು.

ಪುಟ್ಟನ ತುರಿಕೆ ಯಾವುದು ಅಂತ ನಂಗೆ ಫೋಟೋದಲ್ಲಿ ಗೊತ್ತಾಗಲಿಲ್ಲ. ರಾತ್ರಿ ಮಲಗಿದ ಮೇಲೆ ಜಾಸ್ತಿ ತುರಿಸುತ್ತಾನಾ? ಕೈ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಹತ್ತಿರ ಸಣ್ಣ ಗುಳ್ಳೆ ಉಂಟಾ? ಅತ್ತಿಗೆಗೂ ತುರಿಕೆ ಶುರುವಾಗಿದೆಯಾ? ಹಾಗಿದ್ದರೆ ಅದು ಕಜ್ಜಿ ಇರಬಹುದು. ಅದರಲ್ಲಿ ನಿಜವಾಗಿಯೂ ಕಣ್ಣಿಗೆ ಕಾಣದ ಜೀವಿ ಇರುತ್ತದೆ, ಮದ್ದೂ ಬೇರೆ, ಮನೆಯವರೆಲ್ಲ ಒಂದೇ ರಾತ್ರಿ ಒಟ್ಟಿಗೆ ಹಚ್ಚಿಕೊಳ್ಳಬೇಕು. ಅಪ್ಪನ ಜೊತೆ ಅವನನ್ನೂ ಕರೆದುಕೊಂಡು ಹೋಗಿ. ಆ ದಿನ ಡಿಸಿ ಮಳೆಗೆ ರಜೆ ಕೊಟ್ಟರೆ ಶಾಲೆಯೂ ತಪ್ಪುವುದಿಲ್ಲ. ಅವನ ಶಾಲೆ ಶೂ ಒಳಗೆ ರಾತ್ರಿ ಪೇಪರ್ ತುರುಕಿಡಿ, ಬೆಳಿಗ್ಗೆಗೆ ನೀರು ಎಳೆದಿರುತ್ತದೆ.

ಈಗ ಅಪ್ಪನಿಗೆ. ಅಪ್ಪಾ, ನಿಮಗೆ ನಾಚಿಕೆ ಅಂತ ಗೊತ್ತು, ಆ ಜಾಗವನ್ನು ಡಾಕ್ಟರಿಗೆ ಹೇಗೆ ತೋರಿಸುವುದು ಅಂತ. ಅವರಿಗೆ ಅದು ದಿನಾ ನೋಡುವ ಚರ್ಮ, ಬೇರೇನಲ್ಲ. ನನ್ನನ್ನು ನರ್ಸಿಂಗ್ ಓದಿಸಲಿಕ್ಕೆ ಕೆಳಗಿನ ಗದ್ದೆ ಅಡವಿಟ್ಟವರು ನೀವು. ಆ ಓದಿನಿಂದ ಬಂದ ಮಾತು ಇದು, ಕೇಳಿ. ಸೋಮವಾರ ಹೋಗಿ ಬನ್ನಿ. ಫೀಸಿನ ಯೋಚನೆ ಬೇಡ, ಅಣ್ಣನ ಅಕೌಂಟಿಗೆ ನಿನ್ನೆಯೇ ಹಾಕಿದ್ದೇನೆ.

ಅಮ್ಮ, ನಂಗೆ ಏನೂ ತೊಂದರೆ ಇಲ್ಲ. ತುರಿಕೆ ಇಲ್ಲ, ಶೀತ ಇಲ್ಲ, ರೂಮಲ್ಲಿ ಎಸಿ ಉಂಟು, ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತದೆ, ತೂಕವೂ ಜಾಸ್ತಿ ಆಗಿದೆ. ನನ್ನ ಬಗ್ಗೆ ಒಂದು ಚೂರೂ ಯೋಚನೆ ಮಾಡಬೇಡ. ಕಟಪಾಡಿಯ ಹುಡುಗನ ವಿಷಯ ಮುಂದಿನ ಪತ್ರದಲ್ಲಿ, ಮೊದಲು ಅಪ್ಪನ ಕಾಲು. ಈ ಪತ್ರ ತರುವವರ ಕೈಯಲ್ಲೇ ನಾಲ್ಕು ಹತ್ತಿ ಬೈರಾಸು ಕಳಿಸಿದ್ದೇನೆ, ನೀಲಿ ಅಪ್ಪನದ್ದು.

ಡ್ಯೂಟಿ ವ್ಯಾನ್ ಬಂತು, ಹಾರ್ನ್ ಹಾಕ್ತಿದ್ದಾನೆ. ಸೋಮವಾರ ರಾತ್ರಿ ಫೋನ್ ಮಾಡ್ತೇನೆ, ಚೀಟಿಯ ಫೋಟೋ ಕಳಿಸು. ಟ್ಯೂಬು ಬಿಸಾಡಿದೆಯಾ?

ನಿನ್ನ ಮಗಳು