ಅಳತೆಗೆ ವೈರ್‌ಲೆಸ್ ಇರಲಿ, ವಾಲ್ವ್‌ಗೆ ಕೇಬಲ್ಲೇ ಇರಲಿ

ಮಾನ್ಯ ಸಂಪಾದಕರೇ,

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಿಗೆ ಈಗ ವೈರ್‌ಲೆಸ್ ಸೆನ್ಸರ್ ಮಾರುವವರು ಮೇಲಿಂದ ಮೇಲೆ ಬರುತ್ತಿದ್ದಾರೆ. ಕೇಬಲ್, ಟ್ರೇ, ಕೂಲಿ ಎಲ್ಲವೂ ಉಳಿಯುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಡೀಸೆಲ್ ಟ್ಯಾಂಕಿನ ಮಟ್ಟವನ್ನೋ ಪಂಪಿನ ಬೇರಿಂಗ್ ಕಾವನ್ನೋ ನಿಮಿಷಕ್ಕೊಮ್ಮೆ ತಿಳಿದರೆ ಸಾಕಾದ್ದರಿಂದ ಅಲ್ಲಿಗೆ ವೈರ್‌ಲೆಸ್ಸೇ ಲೇಸು. ನನ್ನ ತಕರಾರು ಇರುವುದು ಅದೇ ಸಾಧನವನ್ನು ವಾಲ್ವ್ ನಿಯಂತ್ರಣಕ್ಕೂ ಅಪಾಯ ಕಂಡಾಗ ಯಂತ್ರವನ್ನು ತಾನಾಗಿಯೇ ನಿಲ್ಲಿಸುವ ಸುರಕ್ಷತಾ ಟ್ರಿಪ್‌ಗೂ ಕಟ್ಟುವುದರ ಬಗ್ಗೆ.

ಹಾಲಿನ ಘಟಕವನ್ನೇ ನೋಡಿ. ಪಾಶ್ಚರೀಕರಣದಲ್ಲಿ ಹಾಲು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಇರಬೇಕು. ಕಾದ ಹಾಲು ಆ 15 ಸೆಕೆಂಡ್ ಹರಿಯುವ ಹೋಲ್ಡಿಂಗ್ ಟ್ಯೂಬಿನ ತುದಿಯಲ್ಲಿ ಕಾವು ಇಳಿದ ಕೂಡಲೇ ಫ್ಲೋ ಡೈವರ್ಷನ್ ವಾಲ್ವ್ ತಿರುಗಿ ಹಾಲನ್ನು ಹಸಿ ಹಾಲಿನ ಬ್ಯಾಲೆನ್ಸ್ ಟ್ಯಾಂಕಿಗೆ ಮರಳಿಸಬೇಕು. ಬ್ಯಾಟರಿ ಉಳಿಸಲೆಂದು ಸೆನ್ಸರನ್ನು 30 ಸೆಕೆಂಡಿಗೊಮ್ಮೆ ಅಳತೆ ಕಳಿಸುವಂತೆ ಇಟ್ಟಿದ್ದರೆ, ಸುದ್ದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಕಾಯದ ಹಾಲು ಪ್ಯಾಕಿಂಗ್ ಕಡೆಗೆ ಹೊರಟಿರುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಮಾರುವವರು ಹೇಳುವುದೇ ಇಲ್ಲ. ಅಳತೆಯನ್ನು ಕರೆಂಟಿನ ರೂಪದಲ್ಲಿ ಕೇಬಲ್‌ನಲ್ಲಿ ಕಳಿಸುವ 4–20 ಮಿಲಿಆಂಪಿಯರ್ ಲೂಪಿನ ತಂತಿ ತುಂಡಾದರೆ ಕರೆಂಟ್ 4ಕ್ಕಿಂತ ಕೆಳಗೆ ಬೀಳುವುದರಿಂದ ಯಂತ್ರಗಳನ್ನು ನಡೆಸುವ ನಿಯಂತ್ರಣ ಕಂಪ್ಯೂಟರಾದ ಪಿಎಲ್‌ಸಿಗೆ ಆ ಕ್ಷಣವೇ ತಿಳಿಯುತ್ತದೆ. ಸಿಗ್ನಲ್ ಕಡಿದಾಗ ಅಗ್ಗದ ವೈರ್‌ಲೆಸ್ ಸಾಧನಗಳಲ್ಲಿ ಕೊನೆಯ ಅಂಕಿಯೇ ಪರದೆಯ ಮೇಲೆ ನಿಂತಿರಬಹುದು, ಆಪರೇಟರ್ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾನೆ.

ಕೈಗಾರಿಕೆಗೆಂದೇ ರೂಪಿಸಿದ ವೈರ್‌ಲೆಸ್‌ಹಾರ್ಟ್ (ಐಇಸಿ 62591) ವ್ಯವಸ್ಥೆಯಲ್ಲಿ ಪ್ರತಿ ಸಾಧನಕ್ಕೂ 10 ಮಿಲಿಸೆಕೆಂಡಿನ ಗೊತ್ತಾದ ಸರದಿ ಇರುತ್ತದೆ, ಸಂದೇಶ ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತದೆ, ಒಂದು ದಾರಿ ಮುಚ್ಚಿದರೆ ಪಕ್ಕದ ಸಾಧನದ ಮೂಲಕ ಸಾಗುತ್ತದೆ. ಆದರೂ ಅದು ಬಳಸುವುದು ಆಫೀಸಿನ ವೈಫೈ ಮತ್ತು ಬ್ಲೂಟೂತ್‌ಗಳ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನೇ. ಇಷ್ಟೆಲ್ಲ ಇರುವ ವ್ಯವಸ್ಥೆಯನ್ನೂ ಹೆಚ್ಚಾಗಿ ನಿಗಾ ಇಡುವುದಕ್ಕೇ ಬಳಸುತ್ತಿರುವಾಗ, ಮನೆಬಳಕೆಯ ರೂಟರಿಗೆ ಬಾಯ್ಲರ್‌ನ ನೀರಿನ ಮಟ್ಟವನ್ನು ಒಪ್ಪಿಸುವುದು ಉಳಿತಾಯವಲ್ಲ, ಹುಚ್ಚು ಧೈರ್ಯ.

ಆದ್ದರಿಂದ ಆರ್ಡರ್ ಕೊಡುವ ಮುನ್ನ ಮಾಲೀಕರು ಸೆನ್ಸರುಗಳ ಸಂದೇಶ ಪಡೆದು ಮುಂದಕ್ಕೆ ಮುಟ್ಟಿಸುವ ಗೇಟ್‌ವೇಯ ವಿದ್ಯುತ್ ತೆಗೆಸಿ, ಆಗ ವಾಲ್ವ್ ಮುಚ್ಚುತ್ತದೋ, ತೆರೆದೇ ಇರುತ್ತದೋ ಎಂದು ಎದುರಿಗೇ ನಿಂತು ನೋಡಲಿ. ಜಿಲ್ಲಾ ಕೈಗಾರಿಕಾ ಕೇಂದ್ರವು ಇಲ್ಲಿನ ಪಾಲಿಟೆಕ್ನಿಕ್‌ಗಳ ನೆರವಿನಿಂದ ಇಂಥದ್ದೊಂದು ಪ್ರಾತ್ಯಕ್ಷಿಕೆ ಏರ್ಪಡಿಸಬೇಕೆಂದು ಕೋರುತ್ತೇನೆ.

– ಇನ್‌ಸ್ಟ್ರುಮೆಂಟೇಶನ್ ತಂತ್ರಜ್ಞ, ತುಮಕೂರು