ಮಗಳಿಗೊಂದು ಪತ್ರ: ಕಡತದ ಕೊನೆಯ ಹಾಳೆ

ಪ್ರೀತಿಯ ಪುಟ್ಟಿಗೆ,

ನೀನು ಓದಲೆಂದು ವಿದೇಶಕ್ಕೆ ಹೊರಡಲು ಇನ್ನು ನಾಲ್ಕೇ ದಿನ. ಬಾಯಲ್ಲಿ ಹೇಳಿದರೆ ಮೂರನೆಯ ಮಾತಿಗೇ "ಗೊತ್ತು ಅಪ್ಪ" ಎಂದು ಎದ್ದು ಹೋಗುತ್ತೀಯೆ. ಕಾಗದಕ್ಕಾದರೆ ನೀನು ಅಡ್ಡಬಾಯಿ ಹಾಕಲಾರೆ, ಅದಕ್ಕೇ ಬರೆದು ನಿನ್ನ ದಾಖಲೆಗಳ ಕಡತದ ಕೊನೆಯಲ್ಲಿ ಇಡುತ್ತಿದ್ದೇನೆ.

ಮೊನ್ನೆ ರಾತ್ರಿ ಪೆಟ್ಟಿಗೆಯನ್ನು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಂತೆಯಲ್ಲ, ನಿನ್ನ ತೂಕ ಕಳೆದು ಉಳಿದದ್ದು 24.6 ಕಿಲೋ. ನಿನ್ನ ಟಿಕೆಟ್ಟಿನಲ್ಲಿರುವುದು 23. ನೀನು ಮೊದಲು ಎತ್ತಿ ಹೊರಗಿಟ್ಟದ್ದು ಅಮ್ಮ ಮಡಚಿಟ್ಟಿದ್ದ ಹೊದಿಕೆಯನ್ನು. ಅವಳು ಆಗ ತುಟಿಪಿಟಕ್ಕೆನ್ನಲಿಲ್ಲ. ನೀನು ಮಲಗಿದ ಮೇಲೆ ಪೆಟ್ಟಿಗೆ ಬಿಚ್ಚಿ, ಏನನ್ನೋ ತೆಗೆದು, ಹೊದಿಕೆಯನ್ನು ಮತ್ತೆ ತುರುಕಿದ್ದಾಳೆ. ಈಗ 22.8 ಇದೆ. ತೆಗೆದದ್ದು ಏನೆಂದು ನನ್ನನ್ನು ಕೇಳಬೇಡ.

ಪೆಟ್ಟಿಗೆಯಲ್ಲಿ ಏನೇ ಇರಲಿ, ಅದು ನಿನ್ನ ಜೊತೆಗೇ ಬಂದು ಇಳಿಯುತ್ತದೆ ಎಂದು ಮಾತ್ರ ನಂಬಬೇಡ. ನನ್ನ ಜೀವಮಾನದ ಒಂದೇ ವಿದೇಶ ಪ್ರಯಾಣದಲ್ಲಿ, ನಡುವೆ ವಿಮಾನ ಬದಲಿಸುವಾಗ, ನನ್ನ ಪೆಟ್ಟಿಗೆ ಹಿಂದೆ ಉಳಿದುಬಿಟ್ಟಿತು. ಎರಡು ದಿನ ಬೇರೆಯವರ ಅಂಗಿ ತೊಟ್ಟು ತರಬೇತಿಗೆ ಕುಳಿತಿದ್ದೆ. ಅಂಗಿಯೇನೋ ಸಾಲ ಸಿಕ್ಕಿತು, ಪ್ರಮಾಣಪತ್ರ ಸಿಗುತ್ತದೆಯೇ? ಪಾಸ್‌ಪೋರ್ಟು, ಪ್ರವೇಶಪತ್ರ, ಹಣದ ದಾಖಲೆ, ಅಂಕಪಟ್ಟಿಗಳ ಮೂಲಪ್ರತಿ, ಔಷಧಿ, ಒಂದು ಜೊತೆ ಬಟ್ಟೆ, ಇವೆಲ್ಲ ಕೈಚೀಲದಲ್ಲೇ ಇರಲಿ. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ವಿಮಾನ ಸಂಸ್ಥೆಯವರ ಬಳಿ ದೂರು ಬರೆಸಿ, ಅದರ ಸಂಖ್ಯೆ ಪಡೆದುಕೋ. ಹೊರಗೆ ಬಂದ ಮೇಲೆ ಅದೇ ಕೆಲಸಕ್ಕೆ ಹತ್ತು ಫೋನು ಮಾಡಬೇಕಾಗುತ್ತದೆ.

ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡಿ ಆರಿಸಬಹುದು, ಸರಕಿನ ಗೂಡಿನಲ್ಲಿ ನೋಡುವವರು ಯಾರು? ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್ ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ. ನಿನ್ನದು 20,000 ಮಿಲಿಆಂಪ್ ಅವರಿನದು, ಅದನ್ನು ಒಳಗಿನ ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74. ಲೆಕ್ಕ ಸರಿಯಿದೆ. ಭೂತಗನ್ನಡಿ ಹಿಡಿದು ಲ್ಯಾಪ್‌ಟಾಪಿನ ಚಾರ್ಜರನ್ನೂ ಓದಿದೆ. 100ರಿಂದ 240 ವೋಲ್ಟ್ ಎಂದಿದೆ, ಆದ್ದರಿಂದ ಯಾವ ದೇಶದ ವಿದ್ಯುತ್ತಿಗೂ ನಡೆಯುತ್ತದೆ, ಪ್ಲಗ್ಗಿನ ಆಕಾರವಷ್ಟೇ ಬೇರೆ. ಕೂದಲು ಒಣಗಿಸುವ ನಿನ್ನ ಯಂತ್ರದ ಮೇಲೆ ಬರೀ 230 ಎಂದಿದೆ. 120 ವೋಲ್ಟಿನ ಊರಿನಲ್ಲಿ ಅದು ಉಸ್ಸೆಂದು ಕೂರುತ್ತದೆ. ಅದು ಮನೆಯಲ್ಲೇ ಇರಲಿ.

ಉಬ್ಬಸದ ಇನ್ಹೇಲರನ್ನು ಅದರ ಡಬ್ಬಿಯ ಸಮೇತ ಒಯ್ಯಬೇಕು, ವೈದ್ಯರ ಚೀಟಿಯೂ ಜೊತೆಗಿರಬೇಕು. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಷ್ಟೇ ಇತ್ತು. ಮತ್ತೊಮ್ಮೆ ಹೋಗಿ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಂಡು ಬಂದೆ. ಅದೂ ಎಲ್ಲ ಕಡೆ ಒಂದೇ ಅಲ್ಲ ನೋಡು: ಇನ್ಹೇಲರಿನಲ್ಲಿರುವ, ನಾವು ಸಾಲ್ಬುಟಮಾಲ್ ಎನ್ನುವ ಔಷಧಿ ಅಮೆರಿಕದಲ್ಲಿ ಆಲ್ಬುಟೆರಾಲ್, ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ಚೀಟಿಯ ಹಿಂದೆ ಎರಡೂ ಹೆಸರು ಬರೆದಿದ್ದೇನೆ.

ವೀಸಾ ಅಂಟಿಸಿದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದುಕೊಂಡಿದ್ದೀಯೆ. ಇಳಿದ ಮೇಲೆ ಗಡಿಯ ಅಧಿಕಾರಿ ಮತ್ತೆ ಕೇಳಬಹುದು: ಏನು ಓದುತ್ತೀಯೆ, ಖರ್ಚು ಯಾರದು, ಎಲ್ಲಿ ಉಳಿಯುತ್ತೀಯೆ? ಕೇಳಿದಷ್ಟಕ್ಕೇ ಉತ್ತರ ಕೊಡು. ಉಳಿಯುವ ವಿಳಾಸ ಕಾಗದದ ಮೇಲಿರಲಿ, ಮೊಬೈಲ್ ಸರಿಯಾಗಿ ಆ ಹೊತ್ತಿಗೇ ಕೈಕೊಡುತ್ತದೆ.

ಇನ್ನು, ನಾಲ್ಕು ದಿನಗಳಿಂದ ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿರುವ ಮಾತು. ಒಂಬತ್ತನೆಯ ತರಗತಿಯಲ್ಲಿ ಗಣಿತದ ಅಂಕ ಕಡಿಮೆ ಬಂದಾಗ ನೀನು ಉತ್ತರಪತ್ರಿಕೆಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದೆ. ಸಿಕ್ಕಿದ ದಿನ ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. ಆಮೇಲೆ ನೀನು ಬಚ್ಚಿಡುವುದನ್ನು ಬಿಡಲಿಲ್ಲ, ಜಾಗ ಬದಲಿಸಿದೆ ಅಷ್ಟೇ. ಆ ತಪ್ಪು ನನ್ನದು.

ಅಲ್ಲಿ ಬಚ್ಚಿಟ್ಟರೆ ಬೀಳುವ ದಂಡವೇ ಬೇರೆ. ನಿನಗೆ ಸಿಕ್ಕಿರುವುದು ಓದಲೆಂದು ಕೊಟ್ಟ ವೀಸಾ. ಒಂದು ವಿಷಯ ತಲೆಗೆ ಹತ್ತಲಿಲ್ಲವೆಂದು ಯಾರಿಗೂ ಹೇಳದೆ ಕೈಬಿಟ್ಟರೆ, ಕಾಯಿಲೆಯೆಂದು ವಾರಗಟ್ಟಲೆ ತರಗತಿಗೆ ಹೋಗದಿದ್ದರೆ, ಎಷ್ಟೋ ದೇಶಗಳಲ್ಲಿ ವಿಶ್ವವಿದ್ಯಾಲಯ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಆದರೆ ಮೊದಲೇ ಹೋಗಿ ಹೇಳಿದರೆ ದಾರಿ ತೋರಿಸಲೆಂದೇ ವಿದೇಶಿ ವಿದ್ಯಾರ್ಥಿಗಳ ಕಚೇರಿ ಇರುತ್ತದೆ. ಹೋದ ಮೊದಲ ವಾರವೇ ಅದರ ಬಾಗಿಲು ನೋಡಿಕೊಂಡು ಬಾ. ದುಡಿಮೆಯ ವಿಷಯವೂ ಹಾಗೆಯೇ. ನೀನು ಅರ್ಜಿ ಹಾಕಿದ ಮೂರೂ ದೇಶಗಳ ನಿಯಮ ಓದಿದ್ದೇನೆ: ಪಾಠ ನಡೆಯುವ ದಿನಗಳಲ್ಲಿ ಬ್ರಿಟನ್ನಿನ ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ 24, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಯಾರೋ ಕೈಗೆ ನಗದು ಕೊಡುತ್ತೇನೆ ಎಂದರೆಂದು ಒಂದು ಗಂಟೆಯನ್ನೂ ಹೆಚ್ಚಿಗೆ ಮಾಡಬೇಡ. ಹಣ ಸಾಲದಿದ್ದರೆ ನನಗೆ ಹೇಳು. ವಲಸೆ ಕಚೇರಿಯವರೆಂದು ಹೇಳಿಕೊಂಡು ಯಾರಾದರೂ ಫೋನು ಮಾಡಿ, ಈಗಲೇ ಹಣ ಕಟ್ಟದಿದ್ದರೆ ಗಡೀಪಾರು ಎಂದು ಹೆದರಿಸಿದರೆ, ಮರುಮಾತಿಲ್ಲದೆ ಫೋನು ಇಟ್ಟು ವಿಶ್ವವಿದ್ಯಾಲಯದ ಆ ಕಚೇರಿಗೇ ಹೋಗಿ ಕೇಳು. ವಿದೇಶಿ ವಿದ್ಯಾರ್ಥಿಗಳನ್ನೇ ಹುಡುಕಿ ಮಾಡುವ ಮೋಸ ಅದು.

ಕಚೇರಿಗೆ ಹೇಳಿದ ಮೇಲೆ ನನಗೂ ಹೇಳು. ಇಲ್ಲಿ ಮಧ್ಯರಾತ್ರಿಯಾಗಿದ್ದರೂ ಸರಿ. ಕೂಗುವುದಿಲ್ಲ ಎಂದು ಬರೆದು ಕೊಡುತ್ತಿದ್ದೇನೆ, ಕೂಗಿದರೆ ಈ ಹಾಳೆಯನ್ನು ನನ್ನ ಮುಖಕ್ಕೇ ಹಿಡಿ.

ಕಡತದ ಎಡಗಡೆಯ ಜೇಬಿನಲ್ಲಿ ಕಪ್ಪು ಶಾಯಿಯ ಪೆನ್ನು ಇದೆ, ವಿಮಾನದಲ್ಲಿ ಅರ್ಜಿ ತುಂಬಲು ಕೊಟ್ಟರೆ ಬೇಕಾಗುತ್ತದೆ. ಪಕ್ಕದ ಸೀಟಿನವರು ಕೇಳಿದರೆ ಕೊಡು, ಆದರೆ ವಾಪಸು ಇಸಿದುಕೋ.

ಇಂತಿ,
ನಿನ್ನ ಅಪ್ಪ